ಮೊದಲು ಉರುಳಲಿ, ಆಮೇಲೆ ಅಂಟು

ಮಾನ್ಯ ಸಂಪಾದಕರೇ,

ಮಕ್ಕಳ ಪುಟಗಳಲ್ಲಿ ಮರದ ಆಟಿಕೆ ಕಾರು ಮಾಡುವ ವಿಧಾನ ಆಗಾಗ ಅಚ್ಚಾಗುತ್ತದೆ. ಬಹುಪಾಲು ಒಂದೇ ಸಾಲಿನಲ್ಲಿ ಮುಗಿಯುತ್ತದೆ: ‘ಚಕ್ರ ಅಂಟಿಸಿ, ಬಣ್ಣ ಬಳಿಯಿರಿ, ಕಾರು ಸಿದ್ಧ.’ ಅಂಗಡಿಯ ಕಿಟ್ ಪೆಟ್ಟಿಗೆಯೊಳಗಿನ ಚೀಟಿಯೂ ಇದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಆ ಸಾಲನ್ನು ನಂಬಿ ಮಾಡಿದ ಕಾರು ನೋಡಲು ಚೆಂದವಾಗಿಯೇ ಇರುತ್ತದೆ. ನೆಲಕ್ಕಿಟ್ಟು ನೂಕಿದರೆ ಮಾತ್ರ ಜಾರುತ್ತದೆ, ಉರುಳುವುದಿಲ್ಲ. ಮಗು ಎರಡು ಸಲ ನೂಕಿ ಮೂಲೆಗೆ ಹಾಕುತ್ತದೆ. ತಪ್ಪು ಮಗುವಿನದಲ್ಲ, ಎಷ್ಟೋ ಸಲ ಕಿಟ್‌ನದೂ ಅಲ್ಲ. ಅಂಟಿನ ಬಾಟಲಿಯ ಮುಚ್ಚಳ ಬೇಗ ತೆರೆದದ್ದೇ ತಪ್ಪು.

ಪೆಟ್ಟಿಗೆ ಬಿಚ್ಚಿದ ಕೂಡಲೇ ನೋಡಬೇಕಾದದ್ದು ಚಕ್ರದ ಅಚ್ಚನ್ನು. ಸರಳ ಕಿಟ್‌ಗಳಲ್ಲಿ ಅದು ಎರಡು ಬಗೆ. ಒಂದರಲ್ಲಿ ಕಾರಿನ ಒಡಲಿನ ಈ ಬದಿಯಿಂದ ಆ ಬದಿಗೆ ಒಂದು ಉರುಟು ಕಡ್ಡಿ ಹಾಯುತ್ತದೆ. ಎರಡು ತುದಿಗೂ ಚಕ್ರ ಅಂಟಿರುತ್ತದೆ. ಕಡ್ಡಿ, ಚಕ್ರ ಒಟ್ಟಿಗೇ ಒಡಲಿನ ತೂತಿನೊಳಗೆ ತಿರುಗುತ್ತವೆ. ಇನ್ನೊಂದರಲ್ಲಿ ಚಕ್ರಕ್ಕೊಂದರಂತೆ ಟೋಪಿಯಿರುವ ನಾಲ್ಕು ಪುಟ್ಟ ಗೂಟಗಳು. ಗೂಟ ಒಡಲಿಗೆ ಅಂಟಿ ಗಟ್ಟಿಯಾಗಿ ನಿಲ್ಲುತ್ತದೆ, ಚಕ್ರ ಅದರ ಮೇಲೆ ತಿರುಗುತ್ತದೆ. ಅಂದರೆ ಮೊದಲನೆಯದರಲ್ಲಿ ಅಂಟು ಹೋಗಬೇಕಾದದ್ದು ಚಕ್ರದ ತೂತಿಗೆ, ಎರಡನೆಯದರಲ್ಲಿ ಒಡಲಿನ ತೂತಿಗೆ. ಇದು ಅದಲುಬದಲಾದರೆ ಕಾರು ಅಲ್ಲಿಗೇ ಮುಗಿಯಿತು. ಚೀಟಿಯ ಚಿತ್ರದಲ್ಲಿ ಎರಡೂ ಬಗೆ ಒಂದೇ ತರ ಕಾಣುತ್ತವೆ. ಆದ್ದರಿಂದ ಬಿಡಿಭಾಗಗಳನ್ನು ಮೇಜಿನ ಮೇಲೆ ಹರವಿ, ‘ಇದರಲ್ಲಿ ಯಾವುದು ತಿರುಗಬೇಕು, ಯಾವುದು ತಿರುಗಬಾರದು’ ಎಂದು ಮಗುವನ್ನೇ ಕೇಳುವುದು ಒಳ್ಳೆಯದು. ಆರು ವರ್ಷದ ಮಗು ಕಡ್ಡಿಯನ್ನು ತೂತಿಗೆ ಹಾಕಿ ತಿರುಗಿಸಿ ನೋಡಿ ಸರಿಯಾದ ಉತ್ತರ ಹೇಳಬಲ್ಲದು.

ಇನ್ನು ಅಳತೆ. ಕಡ್ಡಿ 6 ಮಿ.ಮೀ. ಇದ್ದರೆ ಚಕ್ರದ ತೂತು 6, ಒಡಲಿನ ತೂತು 7ರಿಂದ 8 ಮಿ.ಮೀ. ಇರಬೇಕು. ಒಡಲಿನ ತೂತನ್ನೂ ಆರಕ್ಕೇ ಕೊರೆದ ಕಿಟ್ ಅಪರೂಪವೇನಲ್ಲ. ಒಣ ಹವೆಯಲ್ಲಿ ಅದು ಹೇಗೋ ತಿರುಗುತ್ತದೆ, ತೇವ ಹೆಚ್ಚಾದ ದಿನ ಕಚ್ಚಿಕೊಳ್ಳುತ್ತದೆ. ಕಾರಣ ಮರದಲ್ಲೇ ಇದೆ. ಮರ ತೇವ ಕುಡಿದಾಗ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಆ ಹಿಗ್ಗುವಿಕೆಯೂ ಸಮವಲ್ಲ: ಬೆಳವಣಿಗೆಯ ಉಂಗುರಗಳ ಗುಂಟ ಎಷ್ಟು ಹಿಗ್ಗುತ್ತದೋ, ಉಂಗುರಗಳಿಗೆ ಅಡ್ಡಲಾಗಿ ಸುಮಾರು ಅದರ ಅರ್ಧ. ಹಾಗಾಗಿ ಉರುಟು ಕಡ್ಡಿ ಉರುಟಾಗಿ ಉಳಿಯುವುದಿಲ್ಲ, ತುಸು ಮೊಟ್ಟೆಯಾಕಾರ ತಾಳುತ್ತದೆ. ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಬಿಗಿ ತೂತಿನಲ್ಲಿ ಸಿಕ್ಕಿಹಾಕಿಕೊಳ್ಳಲು ಅಷ್ಟೇ ಸಾಕು. ಇಂಚಿನ ಲೆಕ್ಕದ ಭಾಗವನ್ನೂ ಮಿಲಿಮೀಟರ್ ಲೆಕ್ಕದ ಭಾಗವನ್ನೂ ಬೆರೆಸಿದರೆ ಇನ್ನೊಂದು ತೊಂದರೆ. ಕಾಲಿಂಚಿನ ಕಡ್ಡಿ ಎಂದರೆ 6.35 ಮಿ.ಮೀ. ಅದನ್ನು 6 ಮಿ.ಮೀ. ತೂತಿನ ಚಕ್ರಕ್ಕೆ ಬಡಿದು ಕೂರಿಸಿದರೆ ಚಕ್ರ ಮರದ ಎಳೆಯ ಗುಂಟ ಸೀಳುತ್ತದೆ. ಕಡ್ಡಿಯ ತುದಿಯನ್ನು 120 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಸುತ್ತಿ ಹಿಡಿದು ತಿರುಗಿಸುತ್ತ ಇಳಿಸಬೇಕು. ಕೈಯಲ್ಲಿ ಒತ್ತಿದರೆ ಅರ್ಧ ಒಳಹೋಗಬೇಕು, ಉಳಿದರ್ಧಕ್ಕೆ ಕೊಡತಿಯ ಒಂದೆರಡು ಮೆಲುಪೆಟ್ಟು ಬೇಕಾಗಬೇಕು. ಅದು ಸರಿಯಾದ ಬಿಗಿ.

ಕಡ್ಡಿಯ ಉದ್ದವನ್ನು ಮಗುವೇ ಲೆಕ್ಕ ಹಾಕಲಿ. ಒಡಲು 50 ಮಿ.ಮೀ. ಅಗಲ, ಚಕ್ರ ತಲಾ 12 ಮಿ.ಮೀ. ದಪ್ಪ, ಒಡಲಿಗೂ ಚಕ್ರಕ್ಕೂ ನಡುವೆ ಎರಡು ಬದಿಯಲ್ಲೂ ಒಂದೊಂದು ಮಿ.ಮೀ. ಸಂದು: 50 + 24 + 2, ಒಟ್ಟು 76. ಎರಡು ಮಿ.ಮೀ. ಹೆಚ್ಚಿಗೆ ಕತ್ತರಿಸಿ, ಅಂಟು ಒಣಗಿದ ಮೇಲೆ ಚಕ್ರದ ಮಟ್ಟಕ್ಕೆ ಉಜ್ಜಿ ಇಳಿಸಬಹುದು. ಕೂಡಿಸುವಾಗ ಸಂದನ್ನು ಮರೆತು 74ಕ್ಕೇ ಕತ್ತರಿಸುವವರು ಬಹಳ ಮಂದಿ. ಆಗ ಕಡ್ಡಿಯ ತುದಿ ಚಕ್ರದ ಹೊರಮೈಗೆ ಸಮನಾಗುವಂತೆ ಬಡಿದರೆ ಚಕ್ರ ಒಡಲಿಗೆ ಒತ್ತಿಕೊಂಡು ಉಜ್ಜುತ್ತದೆ. ಹಾಗೆ ಉಜ್ಜುವ ಚಕ್ರ ತಿರುಗುವುದಿಲ್ಲ.

ತೂತು ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ನೋಡಬೇಕು. 38 ಮಿ.ಮೀ. ಚಕ್ರವಾದರೆ ನಡುವಿನಿಂದ ಅಂಚಿಗೆ 19. ತೂತಿನ ನಡು ಒಡಲಿನ ತಳದಿಂದ 11 ಮಿ.ಮೀ. ಮೇಲಿದ್ದರೆ ಕಾರಿನ ಹೊಟ್ಟೆ ನೆಲದಿಂದ 8 ಮಿ.ಮೀ. ಎತ್ತರದಲ್ಲಿರುತ್ತದೆ. ಅದು 15 ಆದರೆ ಉಳಿಯುವುದು ನಾಲ್ಕೇ. ಚಾಪೆಯ ಮೇಲೆ ಹೊಟ್ಟೆ ಎಳೆದುಕೊಂಡು ಹೋಗುತ್ತದೆ.

ಕಿಟ್‌ನ ಒಡಲಿಗೆ ತೂತು ಇಲ್ಲದಿದ್ದರೆ, ಅಥವಾ ಮರದ ತುಂಡಿನಿಂದಲೇ ಆರಂಭಿಸಿದ್ದರೆ, ಇಡೀ ಕೆಲಸದಲ್ಲಿ ಕಷ್ಟದ ಹೆಜ್ಜೆ ಕೊರೆಯುವುದೇ. 50 ಮಿ.ಮೀ. ಅಗಲದ ತುಂಡಿನಲ್ಲಿ ಬೈರಿಗೆ ಒಂದು ಡಿಗ್ರಿ ವಾಲಿದರೂ ಆಚೆ ಬದಿಯಲ್ಲಿ ತೂತು ಸುಮಾರು 0.9 ಮಿ.ಮೀ. ಪಕ್ಕಕ್ಕೆ ಹೊರಬರುತ್ತದೆ. ಎರಡು ಬದಿಯಿಂದ ಕೊರೆದು ನಡುವೆ ಸೇರಿಸೋಣ ಎಂದರೆ ನಡುವೆ ಮೆಟ್ಟಿಲೊಂದು ಉಳಿದು ಕಡ್ಡಿ ಅಲ್ಲಿ ಉಜ್ಜುತ್ತದೆ. ಒಂದೇ ಬದಿಯಿಂದ ಕೊರೆಯಿರಿ. ಗುರುತಿನ ಮೇಲೆ ಮೊದಲು ಮೊಳೆಯಿಂದ ಕುಳಿ ಮಾಡಿ, ಇಲ್ಲದಿದ್ದರೆ ಬೈರಿಗೆಯ ಮೊನೆ ಮೆದು ಎಳೆಯ ಕಡೆಗೆ ಜಾರುತ್ತದೆ. ಪಕ್ಕದಲ್ಲಿ ಮೂಲೆಮಟ್ಟ (ನೇರ ಮೂಲೆ ನೋಡುವ ಎಲ್ ಆಕಾರದ ಉಪಕರಣ) ನಿಲ್ಲಿಸಿ ಅದರ ಗುಂಟ ಕೊರೆಯಿರಿ. ತುಂಡಿನ ಆಚೆ ಬದಿಗೆ ಬೇಡದ ಮರವೊಂದನ್ನು ಒತ್ತಿ ಕ್ಲ್ಯಾಂಪ್ ಹಾಕಿ, ಇಲ್ಲವಾದರೆ ಬೈರಿಗೆ ಹೊರಬರುವಾಗ ಅಂಚು ಸಿಬಿರೆದ್ದು ಕಿತ್ತುಬರುತ್ತದೆ. ಈ ಕ್ಲ್ಯಾಂಪ್ ಮಗುವಿನ ಕೈಗೂ ಕಾವಲು. ತುಂಡು ತಾನೇ ನಿಂತಿರುವಾಗ ಮಗುವಿನ ಎರಡೂ ಕೈ ಉಪಕರಣದ ಮೇಲಿರುತ್ತವೆ. ಒಂದು ಕೈಯಲ್ಲಿ ತುಂಡು, ಇನ್ನೊಂದರಲ್ಲಿ ಗರಗಸ ಎಂಬಲ್ಲೇ ಬೆರಳು ಕುಯ್ಯುವುದು. ಕೈಯಲ್ಲಿ ತಿರುಗಿಸುವ ಬೈರಿಗೆಯನ್ನು ಏಳೆಂಟು ವರ್ಷದವರು ಚೆನ್ನಾಗಿ ನಿಭಾಯಿಸುತ್ತಾರೆ. ವಿದ್ಯುತ್ ಡ್ರಿಲ್ ದೊಡ್ಡವರ ಕೈಯಲ್ಲಿರಲಿ.

ಎರಡು ಅಚ್ಚುಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲದಿದ್ದರೆ ಏನಾಗುತ್ತದೆ? ಅಚ್ಚುಗಳ ನಡುವೆ 90 ಮಿ.ಮೀ. ಅಂತರವಿದ್ದು ಒಂದು ಬರೀ ಒಂದು ಡಿಗ್ರಿ ಓರೆಯಾದರೆ ಕಾರು ಸುಮಾರು ಐದು ಮೀಟರ್ ತ್ರಿಜ್ಯದ ವೃತ್ತದಲ್ಲಿ ಓಡುತ್ತದೆ. ಎರಡು ಮೀಟರ್ ಹೋಗುವಷ್ಟರಲ್ಲಿ ನೇರದಾರಿಯಿಂದ 40 ಸೆಂ.ಮೀ. ಹತ್ತಿರ ಸರಿದಿರುತ್ತದೆ. ಕಡ್ಡಿಗೆ ಅಂಟಿದ ಚಕ್ರಗಳಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಒಂದೇ ಅಚ್ಚಿನ ಎರಡು ಚಕ್ರಗಳು ಒಟ್ಟಿಗೇ ತಿರುಗುವುದರಿಂದ ಒಂದು 38, ಇನ್ನೊಂದು 37 ಮಿ.ಮೀ. ಇದ್ದರೂ ಕಾರು ಸಣ್ಣ ಚಕ್ರದ ಕಡೆಗೆ ಎಳೆಯುತ್ತದೆ. ನಾಲ್ಕೂ ಚಕ್ರಗಳನ್ನು ಒಂದರ ಮೇಲೊಂದು ಇಟ್ಟು, ಉಗುರಿನಿಂದ ಅಂಚು ಸವರಿ, ಸಮ ಇರುವ ಎರಡೆರಡನ್ನು ಒಂದೊಂದು ಅಚ್ಚಿಗೆ ಜೋಡಿ ಮಾಡಿಸಿ. ಮಕ್ಕಳ ಬೆರಳಿಗೆ ಈ ವ್ಯತ್ಯಾಸ ದೊಡ್ಡವರ ಕಣ್ಣಿಗಿಂತ ಬೇಗ ತಿಳಿಯುತ್ತದೆ. ಗೂಟದ ಬಗೆಯಲ್ಲಿ ಚಕ್ರಗಳು ಬೇರೆಬೇರೆಯಾಗಿ ತಿರುಗುವುದರಿಂದ ಈ ಚಿಂತೆ ಇಲ್ಲ.

ಉಜ್ಜುವ ಕೆಲಸಕ್ಕೆ ಮೂರು ನಂಬರಿನ ಸ್ಯಾಂಡ್‌ಪೇಪರ್ ಸಾಕು: 120, 180, 220. ಬರಿಗೈಯಲ್ಲಿ ಮಡಚಿ ಹಿಡಿಯುವುದಕ್ಕಿಂತ ಬೆಂಕಿಪೊಟ್ಟಣದಷ್ಟು ಮರದ ತುಂಡಿಗೆ ಸುತ್ತಿಕೊಟ್ಟರೆ ಮಗುವಿನ ಬಲ ಹರಡಿ ಬೀಳುತ್ತದೆ, ಮೈ ಹಳ್ಳದಿಣ್ಣೆಯಾಗುವುದಿಲ್ಲ. ಎಳೆಯ ಗುಂಟ ಉಜ್ಜಬೇಕು. ಅಡ್ಡಡ್ಡ ಉಜ್ಜಿದ ಗೀರುಗಳು ಬಣ್ಣ ಬಳಿಯುವವರೆಗೆ ಕಾಣುವುದಿಲ್ಲ, ಬಳಿದ ಮೇಲೆ ಎದ್ದು ಕಾಣುತ್ತವೆ. ಅಂಚುಗಳೆಲ್ಲ ಎರಡು ಮೂರು ಮಿ.ಮೀ. ದುಂಡಗಾಗಲಿ; ಚೂಪು ಅಂಚು ಕೈಗೆ ಮಾತ್ರವಲ್ಲ, ಬಣ್ಣಕ್ಕೂ ಒಳ್ಳೆಯದಲ್ಲ, ಮೊದಲು ಕಿತ್ತುಹೋಗುವುದು ಅಲ್ಲಿನ ಬಣ್ಣವೇ. 180 ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಲು ಬಿಟ್ಟರೆ ಮಲಗಿದ್ದ ಎಳೆಗಳು ಎದ್ದು ನಿಲ್ಲುತ್ತವೆ. ಅವನ್ನು 220ರಲ್ಲಿ ಮೆಲ್ಲಗೆ ತೆಗೆದರೆ ನೀರಿನ ಬಣ್ಣ ಬಳಿದಾಗ ಮೈ ಮತ್ತೆ ಒರಟಾಗುವುದಿಲ್ಲ. ಹುಡಿಯನ್ನು ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಈಗ ಮುಖ್ಯ ವಿಷಯ. ಅಂಟಿಲ್ಲದೆ ಇಡೀ ಕಾರನ್ನು ಒಮ್ಮೆ ಜೋಡಿಸಿ. ಕಡ್ಡಿ ತೂರಿಸಿ, ಚಕ್ರಗಳನ್ನು ಕೈಯಲ್ಲಿ ಒತ್ತಿದಷ್ಟು ಕೂರಿಸಿ. ಒಂದು ಗಟ್ಟಿ ಹಲಗೆಯ ತುದಿಗೆ ನಾಲ್ಕೈದು ಪುಸ್ತಕ ಕೊಟ್ಟು ಇಳಿಜಾರು ಮಾಡಿ ಬಿಡಿ. ಉರುಳಲಿಲ್ಲವೇ? ಒಂದೊಂದೇ ಚಕ್ರ ತಿರುಗಿಸಿ ನೋಡಿ. ಚಕ್ರ ಒಡಲಿಗೆ ತಾಗಿ ನಿಂತರೆ ಸಂದು ಸಾಲದು. ಕಡ್ಡಿಯೇ ತಿರುಗದಿದ್ದರೆ ತೂತು ಬಿಗಿ. ಉರುಟು ಅರ ಹಾಕಿ, ಅಥವಾ ತೆಳು ಕಡ್ಡಿಗೆ ಸ್ಯಾಂಡ್‌ಪೇಪರ್ ಸುತ್ತಿ ಒಳಮೈ ಉಜ್ಜಿ. ಒಂದು ಸುತ್ತಿನಲ್ಲಿ ಒಂದೇ ಕಡೆ ಬಿಗಿಯಾಗಿ ಉಳಿದೆಡೆ ಸಡಿಲಾದರೆ ಕಡ್ಡಿ ಬಾಗಿದೆ. ಅದನ್ನು ಗಾಜಿನ ಮೇಲೆ ಉರುಳಿಸಿದರೆ ಕುಣಿಯುವುದು ಕಾಣುತ್ತದೆ; ಬದಲಾಯಿಸುವುದೇ ಮದ್ದು. ಚಕ್ರ ತಿರುಗುವಾಗ ಮೇಲೆಕೆಳಗೆ ಎಗರಿದರೆ ಅದರ ತೂತು ನಡುವಿನಲ್ಲಿಲ್ಲ. ಇದಕ್ಕೆ ಮನೆಯಲ್ಲಿ ಮದ್ದಿಲ್ಲ, ಹಾಗಾಗಿ ಅಂಟಿಸುವ ಮೊದಲೇ ತಿಳಿಯಬೇಕು. (ಎಗರುವ ಕಾರೇ ಬೇಕು ಎಂದು ಮಗು ಹಟ ಹಿಡಿದರೆ ಹಾಗೇ ಇರಲಿ, ಆಮೆಯ ಗೊಂಬೆಗೆ ಬೇಕೆಂದೇ ತೂತು ಪಕ್ಕಕ್ಕೆ ಕೊರೆಯುವವರಿದ್ದಾರೆ.) ಕೊನೆಗೆ ಗಾಜಿನ ಮೇಲೆ ನಿಲ್ಲಿಸಿ ನಾಲ್ಕೂ ಚಕ್ರಗಳ ಕೆಳಗೆ ಕಾಗದದ ಚೂರು ತೂರಿಸಿ ನೋಡಿ. ಒಂದರ ಕೆಳಗೆ ಸರಾಗವಾಗಿ ತೂರಿದರೆ ಆ ಚಕ್ರ ಗಾಳಿಯಲ್ಲಿದೆ. ಒಡಲಿನ ತೂತು 8 ಮಿ.ಮೀ. ಇದ್ದರೆ ಕಡ್ಡಿಯ ಆಟದಲ್ಲೇ ಈ ದೋಷ ಸರಿಹೋಗುತ್ತದೆ. ಬಿಗಿ ತೂತಿನ ಕಾರು ಒಂದು ಕಾಲು ಗಿಡ್ಡವಾದ ಕುರ್ಚಿಯಂತೆ ಕುಂಟುತ್ತದೆ. ಅದಕ್ಕೇ ತುಸು ಸಡಿಲವಾದ ತೂತು ಕಳಪೆ ಕೆಲಸವಲ್ಲ.

ಉರುಳುವ ಕಾರು ಕೈಗೆ ಬಂದ ಮೇಲೆ ಅಂಟು. ಮರಕ್ಕೆ ಹಾಕುವ ಬಿಳಿ ಪಿವಿಎ ಅಂಟೇ ಮಕ್ಕಳ ಕೆಲಸಕ್ಕೆ ಸರಿ. ಹಸಿ ಇರುವಾಗ ನೀರಿಗೆ ಹೋಗುತ್ತದೆ, ತಪ್ಪು ತಿದ್ದಲು ಕೆಲವು ನಿಮಿಷ ಸಮಯ ಕೊಡುತ್ತದೆ. ಕ್ಷಣದಲ್ಲಿ ಹಿಡಿಯುವ ನೀರಿನಂಥ ಅಂಟು ಎರಡು ಕಾರಣಕ್ಕೆ ಬೇಡ: ಬೆರಳು ಬೆರಳಿಗೆ ಅಂಟುತ್ತದೆ, ಸಂದಿನಲ್ಲಿ ತಾನಾಗಿ ಹರಿದು ಅಚ್ಚನ್ನೇ ಹಿಡಿದುಬಿಡುತ್ತದೆ. ಗ್ಲೂ ಗನ್ನಿನ ಅಂಟು ದಪ್ಪ ಪದರವಾಗಿ ಕೂರುತ್ತದೆ, ಬಿಗಿ ತೂತಿಗೆ ಇಳಿಯುವುದಿಲ್ಲ, ನಾಲ್ಕು ಸಲ ಕೆಳಗೆ ಬಿದ್ದರೆ ಕಳಚುತ್ತದೆ.

ಕಡ್ಡಿ ಬಗೆಯ ಕಾರಿಗೆ ಅಂಟನ್ನು ಕಡ್ಡಿಗೆ ಹಚ್ಚಲೇಬಾರದು. ಹಚ್ಚಿದರೆ ಚಕ್ರ ಕಡ್ಡಿಯ ಮೇಲೆ ಸರಿಯುವಾಗ ಅಂಟನ್ನು ಮುಂದೆ ತಳ್ಳಿಕೊಂಡು ಒಡಲಿನ ಕಡೆಗೇ ತರುತ್ತದೆ, ಚಕ್ರ ಒಡಲಿಗೆ ಅಂಟುತ್ತದೆ. ಉರುಳದ ಕಾರುಗಳ ಬಹುದೊಡ್ಡ ಪಾಲಿನ ಕಥೆ ಇಷ್ಟೇ. ಬದಲಿಗೆ ಹಲ್ಲುಕಡ್ಡಿಯ ತುದಿಯಲ್ಲಿ ಅಂಟು ತೆಗೆದು ಚಕ್ರದ ತೂತಿನ ಒಳಗೋಡೆಗೆ ತೆಳುವಾಗಿ ಸವರಿ. ಆಗ ಕಡ್ಡಿಯೇ ಅಂಟನ್ನು ಹೊರಬದಿಗೆ ತಳ್ಳುತ್ತದೆ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಮೊದಲು ಒಂದು ಬದಿಯ ಚಕ್ರ ಮಾತ್ರ ಅಂಟಿಸಿ, ಕಡ್ಡಿ ಚಕ್ರಕ್ಕೆ ನೇರವಾಗಿದೆಯೇ ಎಂದು ಮೂಲೆಮಟ್ಟದಲ್ಲಿ ನೋಡಿ, ಒಂದು ಗಂಟೆ ಬಿಡಿ. ಆಮೇಲೆ ಒಡಲಿಗೆ ತೂರಿಸಿ ಎರಡನೆಯದು. ಇಲ್ಲಿ ಸಂದು ಕಾಯಲು ದಪ್ಪ ರಟ್ಟಿನಲ್ಲಿ ಕುದುರೆಲಾಳದ ಆಕಾರ ಕತ್ತರಿಸಿ ಕಡ್ಡಿಯ ಮೇಲೆ, ಒಡಲಿಗೂ ಚಕ್ರಕ್ಕೂ ನಡುವೆ ಸಿಕ್ಕಿಸಿ. ಬಡಿದು ಮುಗಿದ ಕೂಡಲೇ ಎಳೆದು ತೆಗೆಯಿರಿ. ಒಂದು ಮಿ.ಮೀ. ಅಳತೆ ತಾನಾಗಿ ಸಿಗುತ್ತದೆ. ಬಡಿಯುವಾಗ ಆಚೆ ಬದಿಯ ಚಕ್ರವನ್ನು ಗಟ್ಟಿ ಮೇಜಿಗೆ ಆನಿಸಬೇಕು, ಕಬ್ಬಿಣದ ಸುತ್ತಿಗೆಯಾದರೆ ನಡುವೆ ಮರದ ಚೂರು ಇಡಬೇಕು.

ಗೂಟದ ಬಗೆಯಲ್ಲಿ ಮಾಡುವ ತಪ್ಪು ಬೇರೆ. ಒಡಲಿನ ತೂತು ಆಚೆಗೆ ಹಾಯುವುದಿಲ್ಲ, ಕುರುಡು ತೂತು. ಅದಕ್ಕೆ ಅಂಟು ಸುರಿದು ತುಂಬಿಸಿದರೆ ಗೂಟ ಒಳಹೋಗುವಾಗ ಅಂಟಿಗೂ ಗಾಳಿಗೂ ಹೋಗಲು ದಾರಿಯಿಲ್ಲ. ಗೂಟ ಮೆಲ್ಲಗೆ ವಾಪಸ್ ಬರುತ್ತದೆ, ಜೋರಾಗಿ ಬಡಿದರೆ ಒಡಲು ಬಿರಿಯುತ್ತದೆ. ಗೋಡೆಗೆ ಮಾತ್ರ ಸವರಿ, ತೂತು ಗೂಟದ ಒಳಹೋಗುವ ಭಾಗಕ್ಕಿಂತ ಎರಡು ಮೂರು ಮಿ.ಮೀ. ಹೆಚ್ಚು ಆಳವಿದೆಯೇ ನೋಡಿಕೊಳ್ಳಿ. ಚಕ್ರವನ್ನು ಗೂಟಕ್ಕೆ ಹಾಕಿದ ಮೇಲೆಯೇ ಗೂಟವನ್ನು ಒಡಲಿಗೆ ಹಾಕಬೇಕು ಎಂದು ಬೇರೆ ಹೇಳಬೇಕೇ? ಬೇಕು. ಟೋಪಿಯ ಗೂಟ ನಾಲ್ಕೂ ಅಂಟಿಸಿ ಕೈಯಲ್ಲಿ ಚಕ್ರ ಹಿಡಿದು ನಿಲ್ಲುವವರು ಕಡಿಮೆಯಿಲ್ಲ. ಅಂಟಿಸಿದ ಮೊದಲ ಹತ್ತು ನಿಮಿಷ ಆಗಾಗ ಚಕ್ರ ತಿರುಗಿಸುತ್ತಿರಿ, ಅಂಟು ಎಲ್ಲಾದರೂ ಸೋರಿದ್ದರೆ ಹಿಡಿಯುವ ಮೊದಲೇ ಬಿಡುತ್ತದೆ. ಒಣಗಿ ಹಿಡಿದೇ ಹೋದರೆ ಬಿಸಿ ವಿನೆಗರಿನ ಕೆಲವು ಹನಿ ಸಂದಿಗೆ ಬಿಟ್ಟು ಕಾದು ತಿರುಚಿ ನೋಡಬಹುದು; ಸಾಮಾನ್ಯ ಪಿವಿಎ ಮೆದುವಾಗುತ್ತದೆ, ನೀರು ನಿರೋಧಕ ಅಂಟಾದರೆ ಅಷ್ಟು ಸುಲಭವಲ್ಲ.

ಕೆಲವು ಕಿಟ್‌ಗಳಲ್ಲಿ ಅಚ್ಚಿನ ಜಾಗದಲ್ಲಿ ಸ್ಕ್ರೂ ಇರುತ್ತದೆ. ಚಕ್ರ ಕೂರುವ ಭಾಗ ನುಣುಪಾಗಿರಬೇಕು, ಸುರುಳಿ ಗೀರುಗಳಿರುವ (ಮರೆಯ) ಭಾಗ ಚಕ್ರದ ತೂತಿನಲ್ಲಿದ್ದರೆ ಅರದಂತೆ ತೂತನ್ನು ತಿನ್ನುತ್ತದೆ. ಸ್ಕ್ರೂ ಪೂರ್ತಿ ಬಿಗಿ ಮಾಡಿ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿ. ಎಡಬದಿಯ ಸ್ಕ್ರೂಗಳೇ ಯಾಕೆ ಪದೇ ಪದೇ ಸಡಿಲಾಗುತ್ತವೆ ಎಂದು ಮಗು ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಕಾರು ಮುಂದೆ ಹೋಗುವಾಗ ಬಲಬದಿಯ ಚಕ್ರ, ಆ ಬದಿಯಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಸ್ಕ್ರೂವನ್ನು ಬಿಗಿಯುವ ಕಡೆಗೇ ಎಳೆಯುತ್ತದೆ. ಎಡಬದಿಯದು ವಿರುದ್ಧ. ಚಕ್ರಕ್ಕೂ ಸ್ಕ್ರೂವಿನ ತಲೆಗೂ ನಡುವೆ ಒಂದು ವಾಷರ್ ಇದ್ದರೆ ಎಳೆತ ಕಡಿಮೆಯಾಗುತ್ತದೆ. ಮೊಳೆಯೇ ಅಚ್ಚಾದರೆ, ಹಲಗೆಯ ತುದಿಯ ಹತ್ತಿರ ಬಡಿಯುವ ಮೊದಲು ಮೊನೆಯನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿ ಮೊಂಡು ಮಾಡಿ. ಚೂಪು ಮೊನೆ ಬೆಣೆಯಂತೆ ಎಳೆಗಳನ್ನು ಸೀಳುತ್ತದೆ, ಮೊಂಡು ಮೊನೆ ಅವನ್ನು ಜಜ್ಜಿಕೊಂಡು ಒಳಹೋಗುತ್ತದೆ.

ತಿರುಗುವ ಜಾಗಕ್ಕೆ ಎಣ್ಣೆ ಬಿಡಬೇಡಿ. ಮರ ಎಣ್ಣೆ ಕುಡಿಯುತ್ತದೆ, ಹುಡಿ ಹಿಡಿಯುತ್ತದೆ, ನಾಲ್ಕು ದಿನದಲ್ಲಿ ಕೆಸರಾಗುತ್ತದೆ. ಮೇಣದಬತ್ತಿಯನ್ನು ಕಡ್ಡಿಗೆ ಉಜ್ಜಿ, ಇಲ್ಲವೇ 6ಬಿ ಪೆನ್ಸಿಲ್‌ನಿಂದ ಕಪ್ಪಗಾಗುವಷ್ಟು ಗೀಚಿ. ಪೆನ್ಸಿಲ್ಲಿನೊಳಗಿನ ಗ್ರಾಫೈಟ್ ಒಣ ಜಾರುಪದಾರ್ಥ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಮರ್ಫಿ ಎಂಬವರು 1953ರಲ್ಲಿ ಕಬ್ ಸ್ಕೌಟ್ ಮಕ್ಕಳಿಗಾಗಿ ಆರಂಭಿಸಿದ ಪೈನ್‌ವುಡ್ ಡರ್ಬಿ ಓಟದಲ್ಲಿ ಮೊಳೆಯ ಅಚ್ಚಿನ ಪುಟ್ಟ ಮರದ ಕಾರುಗಳನ್ನು ಇಳಿಜಾರಿನಲ್ಲಿ ಬಿಡುತ್ತಾರೆ. ಕಾರಿನ ತೂಕ 5 ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು. ಅಲ್ಲಿಯೂ ಗೆಲ್ಲಬೇಕೆಂದಿರುವವರು ಗಮನ ಕೊಡುವುದು ನುಣುಪು ಮಾಡಿದ ಮೊಳೆಗೆ ಮತ್ತು ಗ್ರಾಫೈಟ್ ಪುಡಿಗೆ. ಒಂದು ಎಚ್ಚರಿಕೆ: ಮೇಣ ಹಚ್ಚಿದ ಕಡೆ ಅಂಟು ಹಿಡಿಯುವುದಿಲ್ಲ, ಆದ್ದರಿಂದ ಕಡ್ಡಿಯ ಎರಡು ತುದಿಯ 12 ಮಿ.ಮೀ. ಬಿಟ್ಟು ನಡುವೆ ಮಾತ್ರ.

ಬಣ್ಣಕ್ಕೂ ಇದೇ ಮಾತು. ಬಣ್ಣದ ಮೇಲೆ ಅಂಟಿಸಿದರೆ ಅಂಟು ಹಿಡಿಯುವುದು ಬಣ್ಣವನ್ನು, ಮರವನ್ನಲ್ಲ. ಒಡಲಿಗೆ ಮೊದಲೇ ಬಣ್ಣ ಹಾಕುವುದಾದರೆ ತೂತುಗಳಿಗೆ ಕಾಗದದ ಸುರುಳಿ ತುರುಕಿ ಮುಚ್ಚಿ. ಚಕ್ರದ ನೆಲಕ್ಕೆ ತಾಗುವ ಅಂಚನ್ನು ಹಾಗೇ ಬಿಡಿ. ನೀರಿನ ಅಕ್ರಿಲಿಕ್ ತೆಳುವಾಗಿ ಎರಡು ಸಲ. ದಪ್ಪಗೆ ಒಂದೇ ಸಲ ಬಳಿದದ್ದು ಮೇಲೆ ಒಣಗಿ ಒಳಗೆ ಹಸಿ ಉಳಿದು ಬೆರಳಚ್ಚು ಹಿಡಿಯುತ್ತದೆ. ಬಾಯಿಗಿಡುವ ವಯಸ್ಸಿನ ಮಗುವಿದ್ದರೆ ಡಬ್ಬಿಯ ಮೇಲೆ ಇಎನ್ 71-3 ಅಥವಾ ಐಎಸ್‌ಒ 8124-3 ಎಂದು ಇದೆಯೇ ನೋಡಿ. ಬಣ್ಣದಿಂದ ಸೀಸದಂಥ ಧಾತುಗಳು ಎಷ್ಟು ಹೊರಬರಬಹುದು ಎಂಬುದಕ್ಕೆ ಮಿತಿ ಹಾಕುವ ಮಾನದಂಡಗಳು ಅವು. ಬಣ್ಣ ಬೇಡವಾದರೆ ಜೇನುಮೇಣ ಸಾಕು. ಅಗಸೆ ಎಣ್ಣೆ ಬಳಸುವವರು ಒಂದು ಮಾತು ಮರೆಯಬಾರದು: ಆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಒಣಗುವಾಗ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಬೇಕು, ಅಥವಾ ನೀರಿನಲ್ಲಿ ನೆನೆಸಿಡಬೇಕು.

ಮೂರು ವರ್ಷದೊಳಗಿನವರಿರುವ ಮನೆಯಲ್ಲಿ ಚಕ್ರದ ಗಾತ್ರ ಬರೀ ಅಂದದ ವಿಷಯವಲ್ಲ. ಆಟಿಕೆಗಳ ಸುರಕ್ಷತಾ ಪರೀಕ್ಷೆಯಲ್ಲಿ ಬಳಸುವ ಕೊಳವೆಯ ಒಳವ್ಯಾಸ 31.7 ಮಿ.ಮೀ.; ಅದರೊಳಗೆ ಪೂರ್ತಿ ಇಳಿಯುವ ಭಾಗ ಗಂಟಲಿಗೆ ಅಪಾಯ ಎಂದೇ ಲೆಕ್ಕ. 38ರ ಚಕ್ರ ಇಳಿಯದು, 30ರದು ಇಳಿಯುತ್ತದೆ, ಗೂಟವಂತೂ ಸರಾಗವಾಗಿ ಇಳಿಯುತ್ತದೆ. ಅಂಟು 24 ಗಂಟೆ ಪೂರ್ತಿ ಒಣಗಿದ ಮೇಲೆ ದೊಡ್ಡವರು ಪ್ರತಿ ಚಕ್ರವನ್ನೂ ಬಲವಾಗಿ ಎಳೆದು ನೋಡಿಯೇ ಆಟಕ್ಕೆ ಕೊಡಬೇಕು.

ಇದನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿಸಲು ಹೊರಟಾಗಲೇ ದೊಡ್ಡವರು ಕಿಟ್ ಕಿತ್ತುಕೊಂಡು ತಾವೇ ಮಾಡತೊಡಗುವುದು. ಮೂರು ಸಲ ಕೂರಿ, ಪ್ರತಿ ಸಲ ಅರ್ಧ ಗಂಟೆ: ಒಂದು ದಿನ ಉಜ್ಜಿ ಅಂಟಿಲ್ಲದ ಜೋಡಣೆ, ಇನ್ನೊಂದು ದಿನ ಅಂಟು (ಒಣಗಲು ಬಿಡುವ ಹೊತ್ತು ಬೇರೆ), ಮತ್ತೊಂದು ದಿನ ಬಣ್ಣ. ಮೊದಲ ದಿನವೇ ಉರುಳುವ ಕಾರು ಕೈಗೆ ಸಿಕ್ಕಿರುವುದರಿಂದ ಮಗು ಕಾಯುತ್ತದೆ.

ಸಂಪಾದಕರಲ್ಲಿ ಒಂದು ಕೋರಿಕೆ. ಮುಂದೆ ಇಂಥ ವಿಧಾನ ಪ್ರಕಟಿಸುವಾಗ ಕಡ್ಡಿಯ ಮತ್ತು ಎರಡು ತೂತುಗಳ ವ್ಯಾಸ, ಕಡ್ಡಿಯ ಉದ್ದ, ಅಂಟು ಎಲ್ಲಿಗೆ ಎಂಬ ಬಾಣದ ಗುರುತು, ಇಷ್ಟು ಕೊಡಿ. ಜಾಗ ಸಾಲದಿದ್ದರೆ ಬಣ್ಣ ಬಳಿದ ಕಾರಿನ ಫೋಟೊ ಬಿಟ್ಟರೂ ನಡೆಯುತ್ತದೆ.

ಇತಿ,
ಮರಗೆಲಸ ಬಲ್ಲ ಓದುಗರು